ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಪರ್ಫಾರ್ಮೆನ್ಸ್ ಕಾರು ಮಾರುವುದು ಹೇಗೆ: ಬೆಲೆ ಕಟ್ಟುವುದರಿಂದ ಆರ್‌ಸಿ ಬದಲಾಗುವವರೆಗೆ

ಹುಬ್ಬಳ್ಳಿಯಲ್ಲಿ ಸ್ಕೋಡಾ ಕಂಪನಿಯ ಜೋರಾಗಿ ಓಡುವ ಒಂದು ಆಕ್ಟೇವಿಯಾ ಆರ್‌ಎಸ್ ಮಾರಾಟಕ್ಕಿದೆ ಎಂದು ಹೇಳಿ ನೋಡಿ. ಮೊದಲ ಪ್ರಶ್ನೆ: "ಆವರೇಜ್ ಎಷ್ಟ ಕೊಡ್ತೈತ್ರಿ?" ಎರಡನೆಯದು: "ಡೀಸೆಲ್ ಐತೇನ್ರಿ?" ಮೂರನೆಯ ಪ್ರಶ್ನೆ ಬರುವುದೇ ಇಲ್ಲ, ಫೋನ್ ಕಟ್ ಆಗಿರುತ್ತದೆ.

ಕೇಳಿದವರದ್ದು ತಪ್ಪೇನಿಲ್ಲ. ನವಲಗುಂದಕ್ಕೆ, ಅಣ್ಣಿಗೇರಿಗೆ ದಿನಾ ಓಡಾಡುವವರಿಗೆ 230 ಕುದುರೆ ಶಕ್ತಿ ಯಾಕೆ ಬೇಕು? ಆದರೆ ಮಾರುವವರಿಗೆ ಇದರಿಂದ ಒಂದು ತೊಂದರೆ ಇದೆ. ಸ್ವಿಫ್ಟ್, ಇನ್ನೋವಾ ಆದರೆ ಊರಿಗೆಲ್ಲ ರೇಟ್ ಗೊತ್ತು. ಗೋಕುಲ ರಸ್ತೆಯಲ್ಲಿ ನಾಲ್ಕು ಮಂದಿಯನ್ನು ಕೇಳಿದರೆ ನಾಲ್ವರೂ ಹೆಚ್ಚುಕಮ್ಮಿ ಒಂದೇ ಅಂಕಿ ಹೇಳುತ್ತಾರೆ. ಜೋರಾಗಿ ಓಡುವ ಕಾರಿಗೆ ಹಾಗೆ ರೇಟ್ ಇಲ್ಲ. ಅದರ ಬೆಲೆ ನಿಲ್ಲುವುದು ಒಂದೇ ಅನುಮಾನದ ಮೇಲೆ: ಇದನ್ನು ಹಿಂದಿನವನು ಸಿಕ್ಕಾಪಟ್ಟೆ ಓಡಿಸಿ ಹಾಳು ಮಾಡಿದ್ದಾನಾ? ಆ ಅನುಮಾನವನ್ನು ಕಾಗದ ತೋರಿಸಿ ಕಳೆಯಬಲ್ಲವನಿಗೆ ಒಳ್ಳೆಯ ಬೆಲೆ ಬರುತ್ತದೆ. ಬಾಯಿಮಾತಿನಲ್ಲಿ ಕಳೆಯಲು ಹೊರಟವನಿಗೆ ಬ್ರೋಕರ್ ಹೇಳಿದ ಬೆಲೆಯೇ ಗತಿ.

ಮೊದಲು ನಿಮ್ಮ ಗಾಡಿ ಯಾವ ಗುಂಪಿನದು ನೋಡಿ

ಎಲ್ಲ ಪರ್ಫಾರ್ಮೆನ್ಸ್ ಕಾರುಗಳ ಬೆಲೆ ಒಂದೇ ಥರ ಇಳಿಯುವುದಿಲ್ಲ. ನನ್ನ ಲೆಕ್ಕದಲ್ಲಿ ನಾಲ್ಕು ಗುಂಪುಗಳಿವೆ.

ಒಂದು, ತಯಾರಿ ನಿಂತರೂ ಪ್ರೀತಿ ನಿಲ್ಲದ ಗಾಡಿಗಳು. ಫೋಕ್ಸ್‌ವ್ಯಾಗನ್ ಪೋಲೋ ಇಲ್ಲಿ 2022ರಲ್ಲಿ ನಿಂತಿತು. ಅದರ ಟರ್ಬೊ ಪೆಟ್ರೋಲ್ ಮಾದರಿಯಾದ ಜಿಟಿ ಟಿಎಸ್‌ಐ ಹುಡುಕುವವರು ಈಗಲೂ ಇದ್ದಾರೆ. ಎರಡೇ ಬಾಗಿಲಿನ ಪೋಲೋ ಜಿಟಿಐ ಬಂದಾಗ ಬರೀ 99 ಗಾಡಿ ಎಂದು ಕಂಪನಿ ಹೇಳಿತ್ತು. ಆಕ್ಟೇವಿಯಾ ಆರ್‌ಎಸ್ 230 ಬಂದದ್ದು 2017ರಲ್ಲಿ. 2020ರ ಆರ್‌ಎಸ್ 245 ಇಡೀ ದೇಶಕ್ಕೆ ಬಂದದ್ದು 200. ಆಮೇಲೆ 2025ರಲ್ಲಿ ಹೊಸ ಆರ್‌ಎಸ್ 100 ಗಾಡಿ ಮಾತ್ರ ಬಂತು, ಎಕ್ಸ್-ಶೋರೂಂ ಬೆಲೆಯೇ ಸುಮಾರು 50 ಲಕ್ಷ. ಹೊಸದು ಕೈಗೆ ಎಟುಕದಷ್ಟು ದೂರ ಹೋದಾಗ ಹಳೆಯದರ ಕಡೆ ಕಣ್ಣು ಹೋಗುವುದು ಸಹಜ ಅಲ್ವಾ? ಇಂಥ ಗಾಡಿ ನಿಮ್ಮದಾದರೆ ಅವಸರ ಮಾಡಬೇಡಿ. ಕಾಯುವ ತಾಕತ್ತೇ ನಿಮ್ಮ ಬಂಡವಾಳ.

ಎರಡು, ಕಂಪನಿಯೇ ಹೊರಟು ಹೋದ ಗಾಡಿಗಳು. ಫಿಯಟ್‌ನ ಅಬಾರ್ತ್ ಪುಂಟೊ 145 ಕುದುರೆ ಶಕ್ತಿಯದ್ದು, ಓಡಿಸಲು ಭಾರಿ ಮಜಾ. ಆದರೆ ಫಿಯಟ್ ಕಾರುಗಳು ಇಲ್ಲಿ ನಿಂತು ವರ್ಷಗಳಾದವು. ಫೋರ್ಡ್ ಕೂಡ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಹೇಳಿತು. ಇವುಗಳಲ್ಲಿ ಬೆಲೆ ಕುಸಿಯಲು ಕಾರಣ ಇಂಜಿನ್ ಅಲ್ಲ, "ಪಾರ್ಟ್ಸ್ ಎಲ್ಲಿ ಸಿಗ್ತಾವ್ರಿ?" ಎಂಬ ಭಯ. ನೀವು ಯಾವ ಪಾರ್ಟ್ ಎಲ್ಲಿಂದ ತರಿಸಿದಿರಿ, ಯಾವ ಗ್ಯಾರೇಜಿನವರು ಹಾಕಿದರು ಎಂಬುದರ ಬಿಲ್ ಇಟ್ಟುಕೊಂಡಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಮೂರು, ಬಿಎಂಡಬ್ಲ್ಯು ಎಂ340ಐ, ಮರ್ಸಿಡಿಸ್ ಎಎಂಜಿ ಥರದವು. ಮೊದಲ ಮೂರು-ನಾಲ್ಕು ವರ್ಷ ಇವುಗಳ ಬೆಲೆ ಬಿಸಿಲಿಗಿಟ್ಟ ಬೆಣ್ಣೆ. ವಾರಂಟಿ ಮುಗಿಯುವ ಮುಂಚೆ ಮಾರಿದವರು ಬಚಾವ್. ಇನ್ನೂ ವಾರಂಟಿ ಉಳಿದಿದ್ದರೆ ಅದನ್ನೇ ಜಾಹೀರಾತಿನ ಮೊದಲ ಸಾಲಲ್ಲಿ ಹಾಕಿ.

ನಾಲ್ಕು, ಈಗಲೂ ಶೋರೂಮಿನಲ್ಲಿ ಸಿಗುವ ವರ್ಟಸ್ ಜಿಟಿ, ಸ್ಲಾವಿಯಾ 1.5, ಐ20 ಎನ್ ಲೈನ್. ಇವುಗಳ ತಲೆ ಮೇಲೆ ಹೊಸ ಗಾಡಿಯ ಬೆಲೆ ಕೂತಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಶೇ 18, ದೊಡ್ಡವುಗಳಿಗೆ ಸೆಸ್ ಇಲ್ಲದೆ ಶೇ 40. ಅದಕ್ಕಿಂತ ಮೊದಲು ಕೊಂಡವರು "ನಾನು ಇಷ್ಟು ಕೊಟ್ಟಿದ್ದೆ" ಎಂದರೆ ಯಾರೂ ಕೇಳುವುದಿಲ್ಲ. ಇವತ್ತಿನ ಆನ್-ರೋಡ್ ಬೆಲೆಯಿಂದಲೇ ಲೆಕ್ಕ ಶುರು ಮಾಡಬೇಕು.

ಬೆಲೆ ಕಟ್ಟುವುದು

ಇನ್ಶೂರೆನ್ಸ್ ಪಾಲಿಸಿಯಲ್ಲಿ ಬರೆದಿರುವ ಐಡಿವಿಯನ್ನು (ಗಾಡಿ ಕಳುವಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ) ಬೆಲೆ ಎಂದುಕೊಳ್ಳುವವರು ಜಾಸ್ತಿ. ಅದು ಕೋಷ್ಟಕದ ಲೆಕ್ಕ. ಒಂದರಿಂದ ಎರಡು ವರ್ಷದ ಗಾಡಿಗೆ ಶೇ 20 ಕಳೆಯುತ್ತಾರೆ, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ಐದು ವರ್ಷ ದಾಟಿದ ಮೇಲೆ ಕಂಪನಿ ಮತ್ತು ನೀವು ಒಪ್ಪಿದ್ದು. ಸ್ವಿಫ್ಟಿಗೂ ಆರ್‌ಎಸ್‌ಗೂ ಅದೇ ಕೋಷ್ಟಕ. ಮಾರುಕಟ್ಟೆ ಹಾಗೆ ನೋಡುವುದಿಲ್ಲ.

ಹೀಗೆ ಮಾಡಿ. ಬೆಂಗಳೂರಿನಲ್ಲಿ ಅದೇ ಮಾಡೆಲ್, ಅದೇ ವರ್ಷ, ಹತ್ತಿರದ ಕಿಲೋಮೀಟರಿನ ಐದಾರು ಗಾಡಿಗಳ ಜಾಹೀರಾತು ನೋಡಿ. ಅಲ್ಲಿ ಬರೆದದ್ದು ಕೇಳುವ ಬೆಲೆ, ಕೊಟ್ಟ ಬೆಲೆಯಲ್ಲ. ತಿಂಗಳುಗಟ್ಟಲೆ ಅಲ್ಲೇ ಕೂತಿರುವ ಗಾಡಿಯ ಬೆಲೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಬೇಗ ಮಾಯವಾದದ್ದರ ಬೆಲೆ ಬರೆದಿಟ್ಟುಕೊಳ್ಳಿ. ಆಮೇಲೆ ಇಬ್ಬರು ಡೀಲರ್‌ಗಳಿಗೆ ಗಾಡಿ ತೋರಿಸಿ ಅಂಕಿ ಕೇಳಿ. ಅದು ನಿಮ್ಮ ತಳ. ಡೀಲರ್ ತನ್ನ ಲಾಭ ಇಟ್ಟುಕೊಳ್ಳಬೇಕು, ಆ ಲಾಭದ ಮೇಲೆ ಶೇ 18 ಜಿಎಸ್‌ಟಿ ಕಟ್ಟಬೇಕು. ಕಮ್ಮಿ ಕೇಳಿದರೆಂದು ಬೇಜಾರಾಗುವುದರಲ್ಲಿ ಅರ್ಥವಿಲ್ಲ. ತಳ ಮತ್ತು ಬೆಂಗಳೂರಿನ ಬೆಲೆ, ಈ ಎರಡರ ನಡುವೆ ನಿಮ್ಮ ಗಾಡಿ ಎಲ್ಲೋ ಇದೆ.

ಇನ್ನೊಂದು ವಿಷಯ ಮಾರುವವರೇ ಮರೆಯುತ್ತಾರೆ. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಭಾರಿ. 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಶೇ 17, ಅದರ ಮೇಲೆ ಹೋದರೆ 18, ಮತ್ತೆ ಸೆಸ್ ಬೇರೆ. ದೆಹಲಿಯಿಂದ, ಮಹಾರಾಷ್ಟ್ರದಿಂದ ಅಗ್ಗಕ್ಕೆ ತಂದ ಗಾಡಿಗೆ ಇಲ್ಲಿ ಟ್ಯಾಕ್ಸ್ ಕಟ್ಟಿ ನಂಬರ್ ಬದಲಿಸುವಷ್ಟರಲ್ಲಿ ಅಗ್ಗ ಅನ್ನುವುದು ಕರಗಿರುತ್ತದೆ. ನಿಮ್ಮದು ಕೆಎ-25 ಆಗಲಿ, ಕೆಎ-63 ಆಗಲಿ, ಗದಗಿನ 26 ಅಥವಾ ಹಾವೇರಿಯ 27 ಆಗಲಿ, ಕರ್ನಾಟಕದೊಳಗೆ ಕೊಳ್ಳುವವನು ಆ ಟ್ಯಾಕ್ಸನ್ನು ಮತ್ತೆ ಕಟ್ಟಬೇಕಿಲ್ಲ. ಹೊರ ರಾಜ್ಯದ ಗಾಡಿ ತೋರಿಸಿ ಚೌಕಾಸಿ ಮಾಡುವವನಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ.

ಹೊತ್ತೂ ನೋಡಿಕೊಳ್ಳಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನಮ್ಮ ಕಡೆ ಗಾಡಿ ಮನೆಗೆ ತರುವುದಿಲ್ಲ. ಯುಗಾದಿ, ದಸರಾ, ದೀಪಾವಳಿಯ ಮುಂಚಿನ ವಾರಗಳು ಒಳ್ಳೆಯವು. ಡಿಸೆಂಬರ್ ದಾಟಿದರೆ ಲೆಕ್ಕದಲ್ಲಿ ಗಾಡಿಗೆ ಒಂದು ವರ್ಷ ಜಾಸ್ತಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದುಡ್ಡು ಓಡಾಡುವ ಕಾಲಕ್ಕೆ ಮಾರಬಹುದು ಎಂದು ಕೆಲವರು ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಆ ದುಡ್ಡು ಹೋಗುವುದು ಸ್ಕಾರ್ಪಿಯೋಗೆ, ಫಾರ್ಚೂನರ್‌ಗೆ.

ಫೈಲ್ ಕಟ್ಟಿ

ಈ ಕೆಲಸಕ್ಕೆ ಎಷ್ಟು ಸಮಯ ಕೊಟ್ಟರೂ ಕಮ್ಮಿಯೇ. ಒಂದು ಪ್ಲಾಸ್ಟಿಕ್ ಫೈಲ್ ತಗೊಂಡು ಸರ್ವಿಸ್ ಬಿಲ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಬಿಲ್ ಕಳೆದಿದ್ದರೆ ಸರ್ವಿಸ್ ಸೆಂಟರಿಗೆ ಹೋಗಿ ಹಳೆಯ ದಾಖಲೆಯ ಪ್ರಿಂಟ್ ಕೇಳಿ, ಕೊಡುತ್ತಾರೆ. ಯಾವ ಆಯಿಲ್ ಹಾಕಿದ್ದು, ಎಷ್ಟು ಕಿ.ಮೀ.ಗೆ ಬದಲಿಸಿದ್ದು ಅದರಲ್ಲಿ ಕಾಣಬೇಕು. ಟರ್ಬೊ ಇಂಜಿನ್ನಿನ ಆಯುಷ್ಯ ಆಯಿಲ್ ಮೇಲೆ ನಿಂತಿದೆ. ಕಂಪನಿ ಹೇಳಿದ ಅವಧಿಗಿಂತ ಮೊದಲೇ ಬದಲಿಸಿದ ಬಿಲ್ ಇದ್ದರೆ ಅದನ್ನು ಮೇಲಿಡಿ.

ಗೇರ್‌ಬಾಕ್ಸ್ ಬಗ್ಗೆ ಬೇರೆಯೇ ಒಂದು ಹಾಳೆ ಇರಲಿ. ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಅಂದ ಕೂಡಲೇ ಗಿರಾಕಿಯ ಮುಖ ಬದಲಾಗುತ್ತದೆ. ಹಳೆಯ ಪೋಲೋ ಜಿಟಿ ಟಿಎಸ್‌ಐನಲ್ಲಿದ್ದ ಏಳು ಗೇರಿನ ಡ್ರೈ ಕ್ಲಚ್ ಪೆಟ್ಟಿಗೆಯ ಮೆಕಾಟ್ರಾನಿಕ್ಸ್, ಅಂದರೆ ಗೇರ್ ಬದಲಿಸುವ ನಿಯಂತ್ರಣ ಭಾಗ, ಕೆಟ್ಟರೆ ಖರ್ಚು ದೊಡ್ಡದು ಎಂಬುದು ಕಾರು ಹುಚ್ಚರಿಗೆಲ್ಲ ಗೊತ್ತು. ನಿಮ್ಮದರಲ್ಲಿ ಅದು ಬದಲಾಗಿದ್ದರೆ ಮುಚ್ಚಿಡಬೇಡಿ. ಬದಲಾಗಿದೆ ಎಂಬುದೇ ಒಳ್ಳೆಯ ಸುದ್ದಿ. ಆರ್‌ಎಸ್ 230ರ ಆರು ಗೇರಿನ ವೆಟ್ ಕ್ಲಚ್ ಪೆಟ್ಟಿಗೆಗೆ 60,000 ಕಿ.ಮೀ.ಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಗೊತ್ತಿರುವ ಗಿರಾಕಿ ಆ ಒಂದೇ ಬಿಲ್ ಕೇಳುತ್ತಾನೆ.

ಫೈಲ್‌ನಲ್ಲಿ ಇನ್ನೇನಿರಬೇಕು: ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಗಾಡಿಯ ಮೊದಲ ಇನ್‌ವಾಯ್ಸ್, ಕ್ಲೇಮ್ ಮಾಡಿದ್ದರೆ ಅದರ ಕಾಗದ, ಗಾಡಿ ತೋರಿಸುವ ವಾರದಲ್ಲೇ ಮಾಡಿಸಿದ ಕಂಪ್ಯೂಟರ್ ಸ್ಕ್ಯಾನ್ ರಿಪೋರ್ಟ್. ಜೊತೆಗೆ ಎರಡನೇ ಕೀ. ಎರಡನೇ ಕೀ ಇಲ್ಲ ಎಂದರೆ ಅನುಮಾನವೂ ಹುಟ್ಟುತ್ತದೆ, ಹೊಸ ಕೀ ಮಾಡಿಸುವ ಖರ್ಚನ್ನೂ ಬೆಲೆಯಿಂದ ಕಳೆಯುತ್ತಾರೆ. ಲೋನ್ ತೀರಿಸಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಇದನ್ನು ಗಿರಾಕಿ ಬಂದ ಮೇಲೆ ಶುರು ಮಾಡಿದರೆ ಗಿರಾಕಿ ಕಾಯುವುದಿಲ್ಲ. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿರಬೇಕು. ಟ್ರಾಫಿಕ್ ದಂಡ ಬಾಕಿ ಇದೆಯಾ ಎಂದು ಆನ್‌ಲೈನ್‌ನಲ್ಲಿ ನೋಡಿ, ಇದ್ದರೆ ಕಟ್ಟಿ. ಜೋರು ಗಾಡಿಗಳ ಹೆಸರಲ್ಲಿ ಓವರ್‌ಸ್ಪೀಡ್ ದಂಡದ ಸಾಲು ಇದ್ದರೆ ಗಿರಾಕಿಗೆ ಬೇರೆ ಸಾಕ್ಷಿಯೇ ಬೇಕಿಲ್ಲ.

ಏನು ರಿಪೇರಿ ಮಾಡಿಸಬೇಕು, ಏನು ಬಿಡಬೇಕು

ರಿಮ್ಯಾಪ್ (ಶಕ್ತಿ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು), ದೊಡ್ಡ ಸದ್ದಿನ ಎಕ್ಸಾಸ್ಟ್, ತಗ್ಗಿಸಿದ ಸಸ್ಪೆನ್ಷನ್. ಇವಕ್ಕೆ ಸುರಿದ ದುಡ್ಡು ಬೆಲೆಯಲ್ಲಿ ವಾಪಸ್ ಬರುವುದಿಲ್ಲ, ಎಷ್ಟೋ ಸಲ ಬೆಲೆ ಇಳಿಸುತ್ತದೆ. ಕಾನೂನೂ ನಿಮ್ಮ ಕಡೆ ಇಲ್ಲ. ಕಂಪನಿ ಕೊಟ್ಟ ರೂಪಕ್ಕಿಂತ ಬೇರೆಯಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಣ್ಣ ಬದಲಿಸಿದ್ದರೂ ಆರ್‌ಸಿಯಲ್ಲಿ ಬರೆಸಿರಬೇಕು. ಆದ್ದರಿಂದ ಅಟ್ಟದ ಮೇಲಿಟ್ಟಿರುವ ಮೂಲ ಪಾರ್ಟ್ಸ್ ಇಳಿಸಿ, ಗಾಡಿಯನ್ನು ಕಂಪನಿ ಕೊಟ್ಟ ರೂಪಕ್ಕೆ ತನ್ನಿ, ತೆಗೆದದ್ದನ್ನು ಬೇರೆಯಾಗಿ ಮಾರಿ. ಆ ದುಡ್ಡು ಬೋನಸ್. ರಿಮ್ಯಾಪ್ ಮಾಡಿಸಿ ವಾಪಸ್ ತಂದಿದ್ದರೆ ಕೊಳ್ಳುವವನಿಗೆ ಅದನ್ನು ಹೇಳಿಬಿಡಿ. ಸರಿಯಾದ ಸ್ಕ್ಯಾನರ್ ಹಿಡಿದವನಿಗೆ ಹೇಗೂ ಕಾಣುತ್ತದೆ.

ಟಯರು, ಬ್ರೇಕ್ ಪ್ಯಾಡ್, ಬ್ಯಾಟರಿ ಸತ್ತಿದ್ದರೆ ಹಾಕಿಸಿ. ಸಣ್ಣ ಡೆಂಟಿಗೆ ಟಿಂಕರಿಂಗ್, ಪೇಂಟಿಂಗ್ ಮಾಡಿಸಬೇಡಿ. ಪೇಂಟ್ ಮೀಟರ್ ಇಟ್ಟರೆ ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ. ಮತ್ತೆ ಬಳಿದ ಬಾಗಿಲು ಅದಕ್ಕಿಂತ ಜಾಸ್ತಿ ತೋರಿಸುತ್ತದೆ. ಆಮೇಲೆ ಸಣ್ಣ ಗೀರು ಮುಚ್ಚಿದ್ದಷ್ಟೇ ಎಂದು ಎಷ್ಟು ಹೇಳಿದರೂ ಅವನ ತಲೆಯಲ್ಲಿ ಆಕ್ಸಿಡೆಂಟ್ ಗಾಡಿಯೇ ಓಡುತ್ತಿರುತ್ತದೆ. ಹಂಪ್‌ಗೆ ಉಜ್ಜಿದ ಬಂಪರಿನ ತಳಭಾಗವನ್ನೂ ಹಾಗೇ ಬಿಡಿ. ನಮ್ಮ ರಸ್ತೆಯಲ್ಲಿ ಉಜ್ಜದ ತಗ್ಗು ಗಾಡಿ ಇದ್ದರೆ ಅದೇ ಅನುಮಾನ.

ತೊಳೆಯುವುದು ಮಾತ್ರ ಒಳಗಿನಿಂದ ಆಗಲಿ. ಎರೆ ಮಣ್ಣಿನ ದಾರಿಯಲ್ಲಿ ಮಳೆಗಾಲ ಕಳೆದ ಗಾಡಿಯ ಚಕ್ರದ ಗೂಡಿನಲ್ಲಿ ಮಣ್ಣು ಒಣಗಿ ಸಿಮೆಂಟ್ ಆಗಿರುತ್ತದೆ. ಲಿಫ್ಟ್ ಮೇಲೆ ಏರಿಸಿ ಪ್ರೆಷರ್ ನೀರು ಬಿಟ್ಟು ತೆಗೆಸಿ. ಇಂಜಿನ್ನಿಗೆ ಹೊಳಪಿನ ಪಾಲಿಶ್ ಬೇಡ. ಆಯಿಲ್ ಲೀಕ್ ಮುಚ್ಚಲು ಬಳಿದದ್ದು ಅನ್ನಿಸುತ್ತದೆ.

ಗಿರಾಕಿ ಎಲ್ಲಿದ್ದಾನೆ

ಬಹುತೇಕ ಊರಲ್ಲಿ ಇಲ್ಲ. ಬೆಂಗಳೂರು, ಬೆಳಗಾವಿ, ಕೊಲ್ಹಾಪುರ, ಗೋವಾ. ಹುಬ್ಬಳ್ಳಿಯ ಲಾಭ ಏನೆಂದರೆ ಇವೆಲ್ಲದರ ನಡುವೆ ಇದೆ. ಬೆಳಗಾವಿ ನೂರು ಕಿಲೋಮೀಟರ್ ಒಳಗೆ, ಬೆಂಗಳೂರು 400 ಚಿಲ್ಲರೆ. ಗದಗಿನಲ್ಲೋ ಹಾವೇರಿಯಲ್ಲೋ ಗಾಡಿ ಇದ್ದರೆ ಗಿರಾಕಿಗೆ ಹುಬ್ಬಳ್ಳಿಯಲ್ಲಿ ತೋರಿಸುವ ಏರ್ಪಾಡು ಮಾಡಿ, ರೈಲು, ವಿಮಾನ ಎರಡೂ ಇವೆ. ದೂರದವನು ಸುಮ್ನೆ ಬರುವುದಿಲ್ಲ. ಅದಕ್ಕೇ ಜಾಹೀರಾತಿನಲ್ಲಿ ಇಪ್ಪತ್ತು ಫೋಟೊ ಹಾಕಿ, ಗೀರುಗಳದ್ದೂ ಸೇರಿಸಿ. ಬೆಳಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡುವ ವಿಡಿಯೊ ತೆಗೆದಿಡಿ. ಅದೇ ಮಾಡೆಲ್ ಓಡಿಸುವವರ ಗುಂಪಿಗೆ ಮೊದಲು ಹೇಳಿ.

ಫೋನಿನಲ್ಲಿ "ಕಡೀಕ ಎಷ್ಟಕ್ಕ ಬಿಡ್ತೀರಿ ಹೇಳ್ರಿ" ಎಂದು ಕೇಳುವವರೇ ಜಾಸ್ತಿ. "ಮೊದ್ಲ ಬಂದು ಗಾಡಿ ನೋಡ್ರಿ ಅಣ್ಣಾರ, ಆಮ್ಯಾಲ ಮಾತಾಡೂಣು" ಎಂದರೆ ಸಾಕು. ಗಾಡಿ ನೋಡದೆ ಬೆಲೆ ಇಳಿಸಿದವನು ಗಾಡಿ ಎದುರು ನಿಂತಾಗ ಮತ್ತೆ ಇಳಿಸಬೇಕಾಗುತ್ತದೆ. ಇನ್ನೊಂದು ಜಾತಿಯ ಕರೆ ಇದೆ: ಸೈನ್ಯದಲ್ಲಿದ್ದೇನೆ, ಗಾಡಿ ನೋಡದೆಯೇ ಕೊಳ್ಳುತ್ತೇನೆ, ಕ್ಯೂಆರ್ ಕೋಡ್ ಕಳಿಸುತ್ತೇನೆ ಸ್ಕ್ಯಾನ್ ಮಾಡಿ. ಯುಪಿಐನಲ್ಲಿ ದುಡ್ಡು ಬರಲು ಪಿನ್ ಹಾಕಬೇಕಿಲ್ಲ. ಪಿನ್ ಕೇಳಿದರೆ ದುಡ್ಡು ನಿಮ್ಮಿಂದ ಹೋಗುತ್ತಿದೆ ಎಂದರ್ಥ.

ನಿಜವಾದ ಗಿರಾಕಿಯನ್ನು ಗುರುತಿಸುವುದು ಸುಲಭ. ಬೆಳಗಾವಿಯಿಂದ ನನ್ನ ಗಾಡಿ ನೋಡಲು ಬಂದ ಹುಡುಗ ಹಿಂದಿನ ರಾತ್ರಿಯೇ ಫೋನ್ ಮಾಡಿದ್ದ: "ಸರ, ಇಂಜಿನ್ ಬಿಸಿ ಮಾಡಬ್ಯಾಡ್ರಿ, ನಾ ಬಂದ ಮ್ಯಾಲ ಚಾಲೂ ಮಾಡ್ರಿ." ಬಂದವನು ಬಣ್ಣ ನೋಡಲಿಲ್ಲ. ಟಾರ್ಚ್ ಹಿಡಿದು ಕೂತು ಟಯರಿನ ಬದಿಯ ನಾಲ್ಕಂಕಿ ಓದಿದ. ಮುಂದಿನವು 2322, ಅಂದರೆ 2022ರ 23ನೇ ವಾರ ತಯಾರಾದವು. ಹಿಂದಿನವು 0819. "ಮುಂದಿನವು ಯಾಕ ಮೊದ್ಲ ಬದಲಾದವ್ರಿ?" ಎಂದ. ಮುಂದಿನ ಚಕ್ರ ಎಳೆಯುವ ಗಾಡಿ, ಮುಂದಿನವೇ ಬೇಗ ಸವೆಯುತ್ತವೆ. ಅದು ಅವನಿಗೂ ಗೊತ್ತಿತ್ತು, ನಾನು ಏನು ಹೇಳುತ್ತೇನೆ ನೋಡಬೇಕಿತ್ತು ಅಷ್ಟೇ. ಆಮೇಲೆ ಬಾನೆಟ್ ಎತ್ತಿ ಫೆಂಡರಿನ ಬೋಲ್ಟ್‌ಗಳ ಮೇಲಿನ ಬಣ್ಣ ಕಿತ್ತಿದೆಯಾ ಎಂದು ಬೆರಳಿಟ್ಟು ನೋಡಿದ. ಸ್ಪ್ಯಾನರ್ ಬಿದ್ದ ಬೋಲ್ಟ್ ಸುಳ್ಳು ಹೇಳುವುದಿಲ್ಲ. ಇಂಥವನು ಚೌಕಾಸಿ ಕಮ್ಮಿ ಮಾಡುತ್ತಾನೆ, ಏಕೆಂದರೆ ತನಗೆ ಏನು ಸಿಗುತ್ತಿದೆ ಎಂಬುದು ಅವನಿಗೆ ಗೊತ್ತು.

ಟೆಸ್ಟ್ ಡ್ರೈವ್‌ಗೆ ಮೊದಲು ಅವನ ಲೈಸೆನ್ಸಿನ ಫೋಟೊ ತೆಗೆದುಕೊಳ್ಳಿ, ಇನ್ಶೂರೆನ್ಸ್ ಚಾಲ್ತಿಯಲ್ಲಿರಲಿ. ಮೊದಲ ಸುತ್ತು ನೀವೇ ಓಡಿಸಿ, ಆಯಿಲ್ ಬಿಸಿಯಾಗುವವರೆಗೆ ನಿಧಾನಕ್ಕೆ. ಪಕ್ಕದ ಸೀಟು ಬಿಟ್ಟು ಇಳಿಯಬೇಡಿ, ಕೀ ಒಬ್ಬನ ಕೈಗೆ ಕೊಡಬೇಡಿ. ಉಣಕಲ್, ನವನಗರದ ಸಿಗ್ನಲ್‌ಗಳಲ್ಲಿ ಗೇರ್‌ಬಾಕ್ಸ್ ತಟ್ಟುತ್ತದಾ ನೋಡಲಿ. ಆಮೇಲೆ ಗಬ್ಬೂರು-ನರೇಂದ್ರ ಬೈಪಾಸ್‌ನಲ್ಲಿ ಹದವಾದ ವೇಗಕ್ಕೆ ಒಂದು ಓಟ. ಬಿಆರ್‌ಟಿಎಸ್ ದಾರಿ ಖಾಲಿ ಇದೆ ಎಂದು ಒಳಗೆ ನುಗ್ಗಿಸುವವನು ಸಿಕ್ಕರೆ ಅಲ್ಲೇ ಇಳಿಸಿ. ಅದು ಚಿಗರಿ ಬಸ್ಸಿನ ದಾರಿ, ದಂಡ ಬರುವುದು ನಿಮ್ಮ ನಂಬರಿಗೆ.

ಟೋಕನ್, ದುಡ್ಡು

ಬೆಲೆ ಕುದುರಿದರೆ ಟೋಕನ್ ತಗೊಂಡು ಬಿಳಿ ಹಾಳೆಯಲ್ಲಾದರೂ ಬರೆಯಿರಿ: ಒಪ್ಪಿದ ಬೆಲೆ, ಬಾಕಿ ಕೊಡುವ ಕೊನೇ ತಾರೀಖು, ಬರದಿದ್ದರೆ ಟೋಕನ್ ಏನಾಗುತ್ತದೆ. ಬಾಕಿ ಬ್ಯಾಂಕಿನಿಂದ ಬ್ಯಾಂಕಿಗೆ ಬರಲಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳುವುದು ತಗೊಂಡವನಿಗೆ, ಕೊಟ್ಟವನಿಗಲ್ಲ. ಸ್ಕ್ರೀನ್‌ಶಾಟ್ ನೋಡಿ ಕೀ ಕೊಡಬೇಡಿ. ನಿಮ್ಮ ಖಾತೆ ತೆರೆದು ನೋಡಿ. ಡಿಡಿ ಕೊಟ್ಟರೆ ಅದನ್ನು ಕೊಟ್ಟ ಬ್ಯಾಂಕಿನಲ್ಲಿ ಖಾತ್ರಿ ಮಾಡಿಕೊಂಡ ಮೇಲೆಯೇ ಗಾಡಿ.

ಕಾಗದ: ಇಲ್ಲಿ ಸಡಿಲ ಬಿಡಬೇಡಿ

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಇದೇ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ನೀವು ಆರ್‌ಟಿಒಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ. ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋಗುವುದಾದರೆ ಫಾರಂ 28ರಲ್ಲಿ ಎನ್‌ಒಸಿ ಬೇಕು, ನಿಮಗಿರುವ ಅವಧಿ 45 ದಿನ. ಹೊರಗೆ ಹೋದ ಗಾಡಿಯ ಉಳಿದ ಲೈಫ್‌ಟೈಮ್ ಟ್ಯಾಕ್ಸ್ ವಾಪಸ್ ಕೇಳಬಹುದು. ಆ ದುಡ್ಡು ಯಾರಿಗೆ ಎಂಬುದನ್ನು ಬೆಲೆ ಮಾತಾಡುವಾಗಲೇ ಬರೆದಿಡಿ, ಆಮೇಲೆ ಜಗಳ ಬೇಡ.

"ಸರ, ಫಾರಂ ಮ್ಯಾಲ ಸಹಿ ಹಾಕಿ ಖಾಲಿ ಕೊಡ್ರಿ, ನಾವು ತುಂಬ್ಕೋತೀವಿ" ಎನ್ನುವ ಬ್ರೋಕರ್‌ಗಳಿದ್ದಾರೆ. ಅವರು ಗಾಡಿಯನ್ನು ನಿಮ್ಮ ಹೆಸರಿನಲ್ಲೇ ಇಟ್ಟು ಇನ್ನೊಬ್ಬನಿಗೆ ಮಾರುತ್ತಾರೆ. ಸುಪ್ರೀಂ ಕೋರ್ಟ್‌ನ 2018ರ ಒಂದು ತೀರ್ಪಿನಲ್ಲಿ ಆದದ್ದು ಇದೇ. ಕಾರು ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು, ಆರ್‌ಸಿಯಲ್ಲಿ ಮೊದಲನೆಯವರ ಹೆಸರೇ ಇತ್ತು. ಅಪಘಾತದ ಪರಿಹಾರದ ಹೊಣೆ ಅವರ ಮೇಲೆಯೇ ಬಿತ್ತು. ಜೋರಾಗಿ ಓಡುವ ಗಾಡಿ ಮಾರಿದವರಿಗೆ ಈ ಅಪಾಯ ಇನ್ನೂ ದೊಡ್ಡದು, ಅಲ್ವಾ? ಡೀಲರ್‌ಗೆ ಕೊಡುವುದಾದರೆ 2023ರ ಏಪ್ರಿಲ್‌ನಿಂದ ಅಧಿಕೃತ ಡೀಲರ್ ಎಂಬ ವ್ಯವಸ್ಥೆ ಇದೆ. ಅವರ ಬಳಿ ಆರ್‌ಟಿಒ ಕೊಟ್ಟ ಸರ್ಟಿಫಿಕೇಟ್ ಇದೆಯಾ ಕೇಳಿ. ಇದ್ದರೆ ಫಾರಂ 29ಸಿ ಮೂಲಕ ಗಾಡಿ ಕೊಟ್ಟದ್ದನ್ನು ತಿಳಿಸಬಹುದು. ಅಲ್ಲಿಂದ ಹೊಣೆ ಡೀಲರ್‌ದು.

ಕೀ ಕೊಡುವ ದಿನ ಎರಡು ಪ್ರತಿ ಡೆಲಿವರಿ ನೋಟ್ ಮಾಡಿ. ತಾರೀಖಿನ ಜೊತೆ ಗಂಟೆ-ನಿಮಿಷ, ಮೀಟರ್ ರೀಡಿಂಗ್, ಇಂಜಿನ್ ಮತ್ತು ಚಾಸಿ ನಂಬರ್, ಎರಡು ಕೀ ಕೊಟ್ಟದ್ದು, ಇಬ್ಬರ ಸಹಿ, ಸಾಕ್ಷಿ. ಕೊಂಡವನ ಆಧಾರ್ ಪ್ರತಿ ಇರಲಿ, ಗಾಡಿ ಪಕ್ಕ ನಿಂತ ಒಂದು ಫೋಟೊ ಇರಲಿ. ಸಂಜೆ ಐದಕ್ಕೆ ಮಾರಿದ ಗಾಡಿ ಆರಕ್ಕೆ ಕಿತ್ತೂರಿನ ಹತ್ತಿರ ಡಿವೈಡರ್‌ಗೆ ಹೊಡೆದರೆ ಆಗ ಗಾಡಿ ನಿಮ್ಮ ಕೈಯಲ್ಲಿ ಇರಲಿಲ್ಲ ಎಂಬುದಕ್ಕೆ ಆ ಗಂಟೆ-ನಿಮಿಷವೇ ಸಾಕ್ಷಿ.

ಮಾರಿದ ಮೇಲೆ

ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿಗೆ ಹೇಳಿ ಮುಚ್ಚಿಸಿ. ಇಲ್ಲದಿದ್ದರೆ ಅವನ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ. ಗಾಡಿಯ ಆ್ಯಪ್‌ನಿಂದ ನಿಮ್ಮ ಖಾತೆ, ಸ್ಕ್ರೀನಿನಿಂದ ನಿಮ್ಮ ಫೋನ್, ಮನೆಯ ವಿಳಾಸ ಅಳಿಸಿ. ಇನ್ಶೂರೆನ್ಸನ್ನು ಕೊಂಡವನು 14 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಗಾಡಿಯ ಜೊತೆ ಹೋಗುವುದಿಲ್ಲ, ಅದು ನಿಮ್ಮದು. ಕಂಪನಿಯಿಂದ ಅದರ ಸರ್ಟಿಫಿಕೇಟ್ ತಗೊಂಡರೆ ಮೂರು ವರ್ಷದೊಳಗೆ ಮುಂದಿನ ಗಾಡಿಗೆ ಹಾಕಿಸಬಹುದು. ಶೇ 50 ಬೋನಸ್ ಇದ್ದವರಿಗೆ ಇದು ಸಣ್ಣ ದುಡ್ಡಲ್ಲ.

ಆರ್‌ಸಿಯಲ್ಲಿ ಹೆಸರು ಬದಲಾಯಿತಾ ಎಂದು ಪರಿವಾಹನ್ ಸೈಟಿನಲ್ಲಿ ಆಗಾಗ ನೋಡುತ್ತಿರಿ. ಆರ್‌ಟಿಒ ದಾಖಲೆಯಲ್ಲಿರುವ ನಿಮ್ಮ ಮೊಬೈಲ್ ನಂಬರನ್ನು ಅಲ್ಲಿಯವರೆಗೆ ಬದಲಿಸಬೇಡಿ, ಒಟಿಪಿ ಬರುವುದು ಅದಕ್ಕೇ. ತಿಂಗಳಾದರೂ ಬದಲಾಗದಿದ್ದರೆ ಕೊಂಡವನಿಗೆ ಫೋನ್ ಮಾಡಿ. ಆಮೇಲೂ ಆಗದಿದ್ದರೆ ಡೆಲಿವರಿ ನೋಟಿನ ಪ್ರತಿ ಲಗತ್ತಿಸಿ ಆರ್‌ಟಿಒಗೆ ಲಿಖಿತವಾಗಿ ಕೊಟ್ಟು, ಸ್ವೀಕರಿಸಿದ ಸೀಲ್ ಹಾಕಿಸಿಕೊಳ್ಳಿ. ಒಂದು ಪ್ರತಿಯನ್ನು ಕೊಂಡವನ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಬಹಳ ಸಲ ಆ ಲಕೋಟೆ ಮನೆ ಮುಟ್ಟಿದ ವಾರದಲ್ಲೇ ಕೆಲಸ ಆಗಿರುತ್ತದೆ.